ಪೆಂಟಿಮೆಂಟೊ ನನಗೆ ಅರ್ಥವಾಗಿದ್ದು ಅತ್ತೆಯ ಗೋಡೆಯಲ್ಲಿ

ನಾನು ಸಾಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೊಸ ಪದ ಸಿಕ್ಕರೆ ಡಿಕ್ಷನರಿ ತೆಗೆಯುವುದು ಕೊನೆಗೆ. ಮೊದಲು ಆ ಪದ ಬಂದಿರುವ ನಾಲ್ಕಾರು ಸುದ್ದಿ ಓದುತ್ತೇನೆ. ಕಲೆಯ ಸುದ್ದಿಯಾದರೆ ಇನ್ನೂ ಒಳ್ಳೆಯದು, ಪಕ್ಕದಲ್ಲೇ ಚಿತ್ರ ಇರುತ್ತದೆ ಅಲ್ವಾ.

'ಪೆಂಟಿಮೆಂಟೊ' ಸಿಕ್ಕಿದ್ದು 2021ರಲ್ಲಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಡಚ್ ಚಿತ್ರಕಾರ ವರ್ಮೀರನ ಹಳೆಯ ಚಿತ್ರವೊಂದನ್ನು ಶುಚಿಮಾಡಿ ಪ್ರದರ್ಶನಕ್ಕಿಟ್ಟಿದ್ದರು. ತೆರೆದ ಕಿಟಕಿಯ ಹತ್ತಿರ ಹುಡುಗಿಯೊಬ್ಬಳು ಕಾಗದ ಓದುತ್ತಿದ್ದಾಳೆ. ಅವಳ ಹಿಂದಿನ ಗೋಡೆ ಅಷ್ಟು ಕಾಲ ಖಾಲಿ ಇತ್ತು. ಈಗ ಅಲ್ಲಿ ದೊಡ್ಡದೊಂದು ಕ್ಯುಪಿಡ್, ರೋಮನ್ನರ ಪ್ರೇಮದೇವತೆ! ಬಣ್ಣದ ಅಡಿಯಲ್ಲಿ ಅದು ಇದೆ ಎಂದು 1979ರ ಎಕ್ಸ್‌ರೇಯಲ್ಲೇ ಕಂಡಿತ್ತು. ವರ್ಮೀರನೇ ಬೇಡವೆಂದು ಮುಚ್ಚಿರಬೇಕು ಅಂದುಕೊಂಡಿದ್ದರು.

ಆಮೇಲೆ ಡಿಕ್ಷನರಿ ತೆಗೆದೆ. ಇಟಾಲಿಯನ್ ಪದ. 'ಪೆಂಟಿರ್ಸಿ' ಅಂದರೆ ಪಶ್ಚಾತ್ತಾಪ ಪಡುವುದು. ಬೇರು ಲ್ಯಾಟಿನ್‌ನಲ್ಲಿದೆ. ರಿಪೆಂಟ್ ಬಂದಿದ್ದೂ ಅಲ್ಲಿಂದಲೇ. ಜೈಲಿಗೆ ಹೇಳುವ ಪೆನಿಟೆನ್ಷಿಯರಿ ಕೂಡ ಅದೇ ಬಳಗ. ಚಿತ್ರ ಬರೆಯುವಾಗ ಕಲಾವಿದ ಮನಸ್ಸು ಬದಲಾಯಿಸಿ, ಮೊದಲು ಬರೆದಿದ್ದರ ಮೇಲೆಯೇ ಬಣ್ಣ ಹಚ್ಚಿದ ಗುರುತು ಪೆಂಟಿಮೆಂಟೊ. ವ್ಯಾನ್ ಐಕ್ 1434ರಲ್ಲಿ ಬರೆದ ಅರ್ನೋಲ್ಫಿನಿ ದಂಪತಿಯ ಚಿತ್ರದಲ್ಲಿ ಗಂಡನ ಪಾದದ ಜಾಗ ಬದಲಾಗಿದೆ. ಅದು ಸರಿಯಾದ ಉದಾಹರಣೆ.

ಹಾಗಾದರೆ ಕ್ಯುಪಿಡ್? ಅಲ್ಲ. ಕ್ಯುಪಿಡ್‌ಗೂ ಮೇಲಿನ ಬಣ್ಣಕ್ಕೂ ನಡುವೆ ಕೊಳೆಯ ಪದರ ಸಿಕ್ಕಿತು. ಅಷ್ಟು ಕೊಳೆ ಕೂರಲು ವರ್ಷಗಟ್ಟಲೆ ಬೇಕು. ವರ್ಮೀರ್ ಸತ್ತು ಎಷ್ಟೋ ವರ್ಷದ ಮೇಲೆ ಬೇರೆ ಯಾರೋ ಮುಚ್ಚಿದ್ದಾರೆ. ಬೇರೆಯವರು ಅಳಿಸಿದರೆ ಅದು ಬರೆದವನ ಪಶ್ಚಾತ್ತಾಪ ಹೇಗಾಗುತ್ತದೆ? ಪದ ನನಗೆ ಬಿಡಿಸಿಕೊಂಡಿದ್ದು ಈ ತಪ್ಪು ಉದಾಹರಣೆಯಿಂದಲೇ.

ದೀಪಾವಳಿಗೆ ಅತ್ತೆಯ ಮನೆಗೆ ಹೋಗಿದ್ದೆ. ಅವರು ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಒಂದು ಎಳೆಯ ಪಕ್ಕ, ಕೆಂಪಿನ ಒಳಗಿಂದ, ಇನ್ನೊಂದು ಎಳೆ ಮಸುಕಾಗಿ ಕಾಣುತ್ತಿತ್ತು. ಬೆರಳಿಟ್ಟು ತೋರಿಸಿದೆ.

"ಅದಾ? ಮೊದ್ಲು ಅಲ್ಲೇ ಎಳೆದಿದ್ದೆ ಮಾರಾಯ್ತಿ. ಚೂರು ಡೊಂಕಾಯ್ತು. ಮಣ್ಣು ಸವರಿ ಮತ್ತೆ ಎಳೆದೆ. ಕಾಣ್ತದಾ? ತಡಿ, ಇನ್ನೊಂದು ಸಲ ಸವರ್ತೇನೆ."

"ಬೇಡ ಅತ್ತೆ, ಹಾಗೇ ಇರಲಿ" ಅಂದೆ. ಒಂದು ಫೋಟೊ ತೆಗೆದುಕೊಂಡೆ. ನನ್ನ ಪದಗಳ ನೋಟ್‌ಬುಕ್‌ನಲ್ಲಿ ಪೆಂಟಿಮೆಂಟೊ ಎದುರಿಗೆ ಈಗ ಆ ಫೋಟೊ ಇದೆ.