ಹೊನ್ನಾವರದಿಂದ ಮುಂಬಯಿಯ ವಾರ್ಡಿಗೆ

ನಮ್ಮ ಹೊನ್ನಾವರದ ಕಡೆ ಹುಡುಗಿಯೊಬ್ಬಳು ನರ್ಸಿಂಗ್ ಓದಿ ಮುಂಬಯಿಗೆ ಹೋಗುತ್ತೇನೆಂದರೆ, ಮನೆಯ ಹಿರಿಯರು ಅರುಣಾ ಶಾನಭಾಗ್ ಅವರ ಹೆಸರೆತ್ತದೆ ಬಿಡುತ್ತಿರಲಿಲ್ಲ. ಹಳದೀಪುರದವರು, ಪರೇಲದ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಹಾಸಿಗೆ ಹಿಡಿದಿದ್ದರು. ನನ್ನ ಅಜ್ಜಿಗೆ ಬೇಡವೆನ್ನಲು ಇಷ್ಟು ಸಾಕಿತ್ತು. ನಾನು ಓದುತ್ತಿದ್ದಾಗಲೇ, 2011ರಲ್ಲಿ, ಅವರಿಗೆ ದಯಾಮರಣ ಕೋರಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಅಷ್ಟು ವರ್ಷ ಮಲಗಿದ್ದವರ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇಲ್ಲವೆಂಬುದನ್ನು ನ್ಯಾಯಾಲಯ ಗುರುತಿಸಿ, ಅಲ್ಲಿನ ನರ್ಸ್‌ಗಳ ಆರೈಕೆಯನ್ನು ಮೆಚ್ಚಿಕೊಂಡಿತ್ತು. ಅಜ್ಜಿಗೆ ಅದನ್ನು ಓದಿ ಹೇಳಿದೆ. ಅವರೇನೂ ಒಪ್ಪಲಿಲ್ಲ, ಆದರೆ ವಾದಿಸುವುದನ್ನು ನಿಲ್ಲಿಸಿದರು.

ಪಿಯುಸಿಯಲ್ಲಿ ನಾನು ಕಲಾ ವಿಭಾಗದವಳು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾಕ್ಕೆ ಆ ಕಟ್ಟುಪಾಡಿಲ್ಲದ್ದರಿಂದ ಅದನ್ನೇ ಹಿಡಿದೆ. ಆಗ ಮೂರೂವರೆ ವರ್ಷ, ಈಗ ಮೂರು. ಮುಂದೆ ಪದವಿ ಬೇಕೆನಿಸಿದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದ್ದೇ ಇದೆ.

ಪರೀಕ್ಷೆ ಪಾಸಾದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾದ ಮೇಲೆಯೇ ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಬರೆದುಕೊಳ್ಳಬಹುದು. ಮೊದಲನೆಯದು ನರ್ಸ್, ಎರಡನೆಯದು ಸೂಲಗಿತ್ತಿ. ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿದ ನಾನು ಮುಂಬಯಿಗೆ ಬಂದಾಗ, ಕರ್ನಾಟಕದ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತರಿಸಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮತ್ತೆ ಹೆಸರು ಬರೆಸಬೇಕಾಯಿತು. ಊರಿನಲ್ಲಿರುವಾಗಲೇ ಈ ಕೆಲಸ ಶುರು ಮಾಡಿದ್ದು ಒಳ್ಳೆಯದಾಯಿತು. ಕೆಲಸ ಸಿಕ್ಕ ಮೇಲೆ ರಜೆ ಹಾಕಿ ಬೆಂಗಳೂರಿಗೆ ಓಡುವುದು ಯಾರಿಗೆ ಬೇಕು? ಇನ್ನು ಕಾಲೇಜಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಬೇಕು. ಅದಿಲ್ಲದಿದ್ದರೆ ರಾಜ್ಯದ ಗಡಿ ದಾಟಿದಾಗ ತೊಡಕು.

ಮೊದಲು ಸೇರಿದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೂಲ ಪ್ರಮಾಣಪತ್ರಗಳನ್ನು ‘ನಮ್ಮಲ್ಲೇ ಇರಲಿ’ ಎಂದರು. ನಕಲಿಗೆ ಸಹಿ ಮಾಡಿ ಕೊಟ್ಟು, ಮೂಲವನ್ನು ಡೊಂಬಿವಲಿಯ ಚಿಕ್ಕಪ್ಪನ ಮನೆಯ ಕಪಾಟಿನಲ್ಲಿಟ್ಟೆ. ಚಿಕ್ಕಪ್ಪ, “ಕಪಾಟಿನ ಕೀಲಿ ಕೇಳಿದರೂ ಕೊಡಬೇಡ” ಎಂದಿದ್ದರು. ನೋಂದಣಿಯೇ ಇಲ್ಲದ ಹುಡುಗಿಯರಿಗೆ ಬಿಳಿ ಕೋಟು ತೊಡಿಸಿ ಸಿಸ್ಟರ್ ಎಂದು ಕರೆಯುವುದನ್ನು ಕಂಡದ್ದೂ ಅಲ್ಲಿಯೇ. ಹೆಚ್ಚು ದಿನ ಇರಲಿಲ್ಲ.

ದೊಡ್ಡ ಆಸ್ಪತ್ರೆಗೆ ಬಂದ ಮೇಲೆ ಪಾರ್ಶ್ವವಾಯುವಿನ ರೋಗಿಗಳು ಹೆಚ್ಚಿದ್ದ ವಾರ್ಡ್ ಸಿಕ್ಕಿತು. ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದೆಂದರೇನು ಎಂದು ಕೈಗೆ ತಿಳಿದದ್ದು ಆಗ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಜರುಗುತ್ತದೆ, ಹುಣ್ಣು ಅಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ ಆ ಬದಿಯಲ್ಲಿ ಆಯಾ ಮಾವಶಿ, ಈ ಬದಿಯಲ್ಲಿ ನಾನು ನಿಂತು, ಅಡ್ಡ ಹಾಸಿದ ಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿದು ಒಟ್ಟಿಗೆ ಎತ್ತುತ್ತೇವೆ. ಮೊಣಕಾಲುಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಹಾಸಿದ ಬಟ್ಟೆಯಲ್ಲಿ ನಿರಿಗೆಯಾಗಲಿ ಬಿಸ್ಕತ್ತಿನ ಚೂರಾಗಲಿ ಉಳಿಯಬಾರದು. ಬೆನ್ನಿನ ಕೆಳತುದಿಯಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡುತ್ತೇನೆ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸಮಾಧಾನ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಯವರಲ್ಲಿ ಕಣ್ಣಿಗೆ ಕಾಣುವುದು ಕಷ್ಟ, ಬಿಸಿಯನ್ನೂ ಗಡಸನ್ನೂ ಕೈಯೇ ಗುರುತಿಸಬೇಕು. ಹಳಬರು ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಉಜ್ಜುತ್ತಿದ್ದರು. ಕೆಂಪಾದ ಜಾಗವನ್ನು ಉಜ್ಜಲೇಬಾರದೆಂದು ಈಗ ಕಲಿಸುತ್ತಾರೆ, ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ.

ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬ ನರ್ಸ್ ಇರಬೇಕೆಂದು ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ರಾತ್ರಿ ಪಾಳಿಯಲ್ಲಿ ಅದನ್ನು ನೆನೆದರೆ ನಗು ಬರುತ್ತದೆ.

ಮರಾಠಿಯನ್ನು ವಾರ್ಡಿನಲ್ಲೇ ಕಲಿತೆ. “ಆಜೀ, ಕುಶೀವರ್ ವಳಾ” ಎಂದರೆ ಸಾಕು, ಅಜ್ಜಿ ತಾನೇ ಮೈ ಹೊರಳಿಸಲು ಹವಣಿಸುತ್ತಾಳೆ. ಹಿಂದಿಯಲ್ಲಿ ಹೇಳಿದರೆ ಸುಮ್ಮನೆ ಮುಖ ನೋಡುತ್ತಾಳೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರು ದಾಖಲಾದರೆ ಕನ್ನಡವೂ ಕೆಲಸಕ್ಕೆ ಬರುತ್ತದೆ. ಆದರೆ ಪಾಳಿ ಬದಲಾಗುವಾಗ ‘ಓವರ್’ ಕೊಡುವುದು ಮರಾಠಿಯಲ್ಲಿ. ಯಾರ ಸಲೈನ್ ಎಷ್ಟು ಉಳಿದಿದೆ, ಯಾರ ಮೂತ್ರ ಕಡಿಮೆಯಾಗಿದೆ, ಯಾರನ್ನು ಯಾವ ಮಗ್ಗುಲಿಗೆ ಮಲಗಿಸಿದೆ ಎಂದು ತಡವರಿಸದೆ ಹೇಳಲು ಬಾರದವರಿಗೆ ಇಲ್ಲಿ ಕಷ್ಟ.

ರಾತ್ರಿ ಪಾಳಿಗೆ ಒಂದು ಲಾಭವಿದೆ. ಬೆಳಿಗ್ಗೆ ಊರೆಲ್ಲ ದಕ್ಷಿಣ ಮುಂಬಯಿಯ ಸಿ.ಎಸ್.ಎಂ.ಟಿ. ನಿಲ್ದಾಣದ ಕಡೆ ನುಗ್ಗುವಾಗ, ಡೊಂಬಿವಲಿಯ ಕಡೆ ಹೋಗುವ ಲೋಕಲ್‌ನಲ್ಲಿ ನಮಗೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಠಾಣೆ ದಾಟುವಷ್ಟರಲ್ಲಿ ನಿದ್ದೆ ಹತ್ತಿರುತ್ತದೆ, ಅದಕ್ಕೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ.

ಜೊತೆಯವರಲ್ಲಿ ಕೆಲವರು ಪ್ರೊಮೆಟ್ರಿಕ್ ಪರೀಕ್ಷೆ ಬರೆದು ಕೊಲ್ಲಿ ದೇಶಗಳಿಗೆ, ಕೆಲವರು ಒ.ಇ.ಟಿ. ಎಂಬ ಇಂಗ್ಲಿಷ್ ಪರೀಕ್ಷೆ ಮುಗಿಸಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಮೊದಲು ಕೇಳುವುದು ಇಲ್ಲಿನ ನೋಂದಣಿಯನ್ನೇ. ನಾನು ಹೋಗುವ ಯೋಚನೆ ಮಾಡಿಲ್ಲ. ಐದು ವರ್ಷಕ್ಕೊಮ್ಮೆ ಬರುವ ನವೀಕರಣ ಸದ್ಯಕ್ಕೆ ತಲೆಯ ಮೇಲಿದೆ. ಅದಕ್ಕೆ ಮುಂದುವರಿದ ಶಿಕ್ಷಣದ ಪ್ರಮಾಣಪತ್ರಗಳು ಬೇಕು. ಕಾರ್ಯಾಗಾರ ಮುಗಿದ ದಿನವೇ ಅವನ್ನು ಫೈಲಿಗೆ ಸೇರಿಸಿದವರಿಗೆ ಚಿಂತೆಯಿಲ್ಲ. ಉಳಿದವರು ಈಗ ಸಂಘಟಕರ ಹಿಂದೆ ಅಲೆಯುತ್ತಿದ್ದಾರೆ.