ಡ್ಯೂಪ್ಲೆಕ್ಸ್ ಕೆಟ್ಟಾಗ ಎರಡು ಬದಿಯ ಮುದ್ರಣವನ್ನು ಮುಂದುವರಿಸುವ ಬಗೆ

ಲೇಸರ್ ಪ್ರಿಂಟರಿನಲ್ಲಿ ಮುದ್ರಿಸುವ ಭಾಗ ಬೇರೆ, ಹಾಳೆಯನ್ನು ಮಗುಚುವ ಭಾಗ, ಅಂದರೆ ಡ್ಯೂಪ್ಲೆಕ್ಸ್, ಬೇರೆ. ಒಂದು ಬದಿ ಮುದ್ರಣವಾದ ಹಾಳೆಯನ್ನು ಹೊರದಾರಿಯ ರೋಲರುಗಳು ಬಹುಪಾಲು ಹೊರಕ್ಕೆ ತಳ್ಳಿ, ಅದರ ಕಡೆಯ ಅಂಚನ್ನು ಹಿಡಿದುಕೊಂಡು, ಹಿಮ್ಮುಖವಾಗಿ ತಿರುಗಿ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ; ಬಳಿಕ ಆ ಹಾಳೆ ಯಂತ್ರದ ಹಿಂಬದಿಯಿಂದ ಇಳಿದು, ತಳದ ದಾರಿಯಲ್ಲಿ ಸಾಗಿ, ಎರಡನೆಯ ಬದಿಯ ಮುದ್ರಣಕ್ಕೆ ಬರುತ್ತದೆ. ಈ ಮರುದಾರಿ ಮಾತ್ರ ಕೆಟ್ಟಿದ್ದರೆ ಕೆಲಸ ನಿಲ್ಲಿಸಬೇಕಾಗಿಲ್ಲ, ಹಾಳೆಯನ್ನು ಕೈಯಿಂದ ಮಗುಚಿ ಮುದ್ರಿಸಬಹುದು. ಪರೀಕ್ಷೆಯ ಮುನ್ನಾದಿನ ಪ್ರಶ್ನೆಪತ್ರಿಕೆ ಮುದ್ರಿಸುವ ಶಾಲೆಗಳಿಗೂ ಜೆರಾಕ್ಸ್ ಅಂಗಡಿಗಳಿಗೂ ಈ ವಿಧಾನ ತಿಳಿದಿರಲೇಬೇಕು.

ಮೊದಲು ಒಂದು ಬದಿಯ ಪುಟವೊಂದನ್ನು ಮುದ್ರಿಸಿ ನೋಡಿ. ಅದು ಸರಿಯಾಗಿ ಬಂದರೆ ದೋಷ ಮರುದಾರಿಯಲ್ಲಿದೆ ಎಂದು ತಿಳಿಯಬಹುದು. ಹಿಂಬದಿಯ ಬಾಗಿಲು ಪೂರ್ತಿ ಮುಚ್ಚಿದೆಯೇ ಎಂಬುದನ್ನು ಆಗಲೇ ಪರಿಶೀಲಿಸಬೇಕು, ಏಕೆಂದರೆ ಅನೇಕ ಯಂತ್ರಗಳಲ್ಲಿ ಆ ಬಾಗಿಲು ತೆರೆದಿದ್ದರೆ ಹಾಳೆ ನೇರವಾಗಿ ಹಿಂದಕ್ಕೆ ಹೊರಬೀಳುತ್ತದೆ, ಮಗುಚುವ ಕೆಲಸ ನಡೆಯುವುದೇ ಇಲ್ಲ. ಹಾಳೆ ಒಳಗೆ ಸಿಕ್ಕಿಕೊಂಡಿದ್ದರೆ ಸ್ವಿಚ್ ಆರಿಸಿ, ಶಾಯಿಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗವಾದ ಫ್ಯೂಸರ್ ತಣ್ಣಗಾಗುವವರೆಗೆ ಕಾದು, ಎರಡೂ ಕೈಗಳಿಂದ ಹಾಳೆ ಸಾಗುವ ದಿಕ್ಕಿಗೇ ನಿಧಾನವಾಗಿ ಎಳೆಯಬೇಕು. ಹರಿದು ಬಂದರೆ ಚೂರುಗಳನ್ನೆಲ್ಲ ಮೇಜಿನ ಮೇಲಿಟ್ಟು ಅಂಚಿಗೆ ಅಂಚು ಕೂಡಿಸಿ ನೋಡುವುದು ಒಳ್ಳೆಯದು. ಒಂದು ಮೂಲೆ ಕಡಿಮೆ ಬಿದ್ದರೆ ಅದು ಇನ್ನೂ ಒಳಗೇ ಇದೆ, ಸೆನ್ಸರಿನ ಬಳಿ ಕುಳಿತ ಉಗುರಗಲದ ಚೂರೂ ಯಂತ್ರವನ್ನು ಮತ್ತೆ ಮತ್ತೆ ನಿಲ್ಲಿಸಬಲ್ಲದು. ಕೈಗೆಟುಕುವ ರೋಲರುಗಳನ್ನು ನೀರಿನಲ್ಲಿ ಅದ್ದಿ ಹಿಂಡಿದ, ನೂಲೆಳೆ ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು. ಥಿನ್ನರ್ ಮತ್ತು ಪೆಟ್ರೋಲ್ ರಬ್ಬರನ್ನು ಹಾಳುಮಾಡುತ್ತವೆ.

ಇಷ್ಟಾದ ಮೇಲೂ ಮರುದಾರಿ ಸರಿಹೋಗದಿದ್ದರೆ ಅದರೊಂದಿಗೆ ಹೆಣಗಾಡುತ್ತ ಕೂರಬಾರದು. ಆ ಪ್ರಿಂಟರಿಗೆ ಜೋಡಿಸಿರುವ ಪ್ರತಿಯೊಂದು ಕಂಪ್ಯೂಟರಿನಲ್ಲೂ ಎರಡು ಬದಿಯ ಆಯ್ಕೆಯನ್ನು ತೆಗೆದುಹಾಕಿ. ಒಂದರಲ್ಲಿ ಉಳಿದುಬಿಟ್ಟರೂ ಅಲ್ಲಿಂದ ಬರುವ ಹಾಳೆ ಕೆಟ್ಟ ದಾರಿಗೇ ಹೋಗಿ ಸಿಕ್ಕಿಕೊಂಡು ಎಲ್ಲರ ಕೆಲಸವನ್ನೂ ನಿಲ್ಲಿಸುತ್ತದೆ.

ಕೈಯಿಂದ ಮಗುಚುವ ಮುನ್ನ ನಿಮ್ಮ ಯಂತ್ರ ಟ್ರೇಯಲ್ಲಿರುವ ಹಾಳೆಯ ಯಾವ ಮುಖದ ಮೇಲೆ ಮುದ್ರಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಖಾಲಿ ಹಾಳೆಯೊಂದರ ಮೇಲ್ಮುಖದಲ್ಲಿ, ಯಂತ್ರದೊಳಕ್ಕೆ ಮೊದಲು ಹೋಗುವ ಅಂಚಿನ ಕಡೆಗೆ ಪೆನ್ಸಿಲಿನಿಂದ ಬಾಣದ ಗುರುತು ಬರೆದು, ಟ್ರೇಯಲ್ಲಿಟ್ಟು ಒಂದು ಪುಟ ಮುದ್ರಿಸಿ. ಬಾಣವಿರುವ ಬದಿಯಲ್ಲೇ ಅಕ್ಷರ ಮೂಡಿದರೆ ಯಂತ್ರ ಮೇಲ್ಮುಖಕ್ಕೆ ಮುದ್ರಿಸುತ್ತದೆ, ಹಿಂಬದಿಯಲ್ಲಿ ಮೂಡಿದರೆ ಕೆಳಮುಖಕ್ಕೆ. ಪುಟದ ತಲೆ ಬಾಣದ ತುದಿಯ ಕಡೆಗಿದೆಯೇ ಬುಡದ ಕಡೆಗಿದೆಯೇ ಎಂಬುದನ್ನೂ ನೋಡಿಕೊಂಡು, ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಟ್ರೇಗೆ ಅಂಟಿಸಿದರೆ ಮುಂದೆ ಯಾರೂ ಊಹಿಸಬೇಕಾಗುವುದಿಲ್ಲ.

ಈಗ 8 ಪುಟಗಳ ಕಡತವನ್ನು ತೆಗೆದುಕೊಳ್ಳೋಣ. ಮುದ್ರಣದ ಆಯ್ಕೆಗಳಲ್ಲಿ ಬೆಸ ಪುಟಗಳನ್ನಷ್ಟೇ ಆರಿಸಿದರೆ 1, 3, 5, 7 ಎಂಬ ನಾಲ್ಕು ಹಾಳೆಗಳು ಮುಖ ಕೆಳಗಾಗಿ ಹೊರಬೀಳುತ್ತವೆ, 1 ತಳದಲ್ಲಿ, 7 ಮೇಲೆ. ಯಂತ್ರ ಮೇಲ್ಮುಖಕ್ಕೆ ಮುದ್ರಿಸುವಂಥದ್ದಾದರೆ ಕಟ್ಟನ್ನು ಮಗುಚದೆ ಹಾಗೆಯೇ ಟ್ರೇಗೆ ಇಡಬೇಕು. ಆಗ ಮೊದಲು ಒಳಹೋಗುವ ಹಾಳೆ 7ನೆಯದಾದ್ದರಿಂದ ಸಮ ಪುಟಗಳನ್ನು 8, 6, 4, 2 ಎಂಬ ಹಿಮ್ಮುಖ ಕ್ರಮದಲ್ಲಿ ಕಳುಹಿಸಬೇಕಾಗುತ್ತದೆ. ಕೆಳಮುಖಕ್ಕೆ ಮುದ್ರಿಸುವ ಯಂತ್ರವಾದರೆ ಇಡೀ ಕಟ್ಟನ್ನು ಒಮ್ಮೆಗೇ ಮಗುಚಿಟ್ಟರೆ 1 ಮೇಲೆ ಬರುತ್ತದೆ, ಸಮ ಪುಟಗಳು 2, 4, 6, 8 ಎಂಬ ನೇರ ಕ್ರಮದಲ್ಲೇ ಹೋಗಬಹುದು. ಎರಡೂ ಸಂದರ್ಭಗಳಲ್ಲಿ ಪುಟದ ತಲೆ ಮೊದಲ ಸುತ್ತಿನಲ್ಲಿದ್ದ ಕಡೆಗೇ ಇರಬೇಕು, ಇಲ್ಲವಾದರೆ ಹಿಂಬದಿ ತಲೆಕೆಳಗಾಗುತ್ತದೆ. ಒಟ್ಟು ಪುಟಗಳ ಸಂಖ್ಯೆ ಬೆಸವಾಗಿದ್ದರೆ ಕಡತದ ಕೊನೆಗೆ ಖಾಲಿ ಪುಟವೊಂದನ್ನು ಸೇರಿಸಿಬಿಡುವುದು ಎಲ್ಲಕ್ಕಿಂತ ಸುರಕ್ಷಿತ. ಹಿಮ್ಮುಖ ಕ್ರಮದಲ್ಲಿ ಇದನ್ನು ಮರೆತರೆ 1ನೆಯ ಪುಟದ ಬೆನ್ನು ಖಾಲಿ ಉಳಿದು, ಮಿಕ್ಕ ಪ್ರತಿಯೊಂದು ಹಾಳೆಯ ಬೆನ್ನಿಗೂ ತಪ್ಪು ಪುಟ ಬೀಳುತ್ತದೆ.

ಎರಡನೆಯ ಸುತ್ತಿನ ದೊಡ್ಡ ಅಪಾಯ ಎರಡು ಹಾಳೆಗಳು ಒಟ್ಟಿಗೆ ಒಳಹೋಗುವುದು. ಒಮ್ಮೆ ಹಾಗಾದರೆ ಅಲ್ಲಿಂದ ಮುಂದಿನ ಎಲ್ಲ ಪುಟಗಳೂ ಜೋಡಿ ತಪ್ಪುತ್ತವೆ, ಹಾಗೂ ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡದಿರಬಹುದು. ಆದ್ದರಿಂದ ರೀಮುಗಟ್ಟಲೆ ಒಮ್ಮೆಗೇ ಹಾಕದೆ ಇಪ್ಪತ್ತು ಇಪ್ಪತ್ತೈದು ಹಾಳೆಗಳ ಕಂತುಗಳಲ್ಲಿ ಮುದ್ರಿಸಿ, ಪ್ರತಿ ಕಂತಿನ ಕೊನೆಯ ಹಾಳೆಯ ಎರಡೂ ಬದಿಯ ಪುಟಸಂಖ್ಯೆಯನ್ನು ತಾಳೆ ನೋಡಬೇಕು. ಫ್ಯೂಸರಿನ ಬಿಸಿಗೆ ತೇವ ಕಳೆದುಕೊಂಡ ಹಾಳೆ ಸುರುಳಿಗಟ್ಟುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೆಲವು ನಿಮಿಷ ಸಮತಟ್ಟಾದ ಮೇಜಿನ ಮೇಲೆ ಭಾರವಿಟ್ಟು ಆರಲು ಬಿಟ್ಟು, ಬೀಸಣಿಗೆಯಂತೆ ಬಿಡಿಸಿ, ನಾಲ್ಕೂ ಅಂಚುಗಳನ್ನು ತಟ್ಟಿ ಸರಿಮಾಡಿದ ಮೇಲೆಯೇ ಟ್ರೇಗೆ ಇಡಬೇಕು. 75 ಅಥವಾ 80 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದ ಈ ಕೆಲಸಕ್ಕೆ ಹೊಂದುತ್ತದೆ. ತೀರಾ ತೆಳ್ಳಗಿನ ಕಾಗದದಲ್ಲಿ ಹಿಂಬದಿಯ ಅಕ್ಷರ ಮುಂದಕ್ಕೆ ಕಾಣುವುದಲ್ಲದೆ ಸಿಕ್ಕಿಕೊಳ್ಳುವುದೂ ಹೆಚ್ಚು. ಇಂಕ್‌ಜೆಟ್‌ನಲ್ಲಿ ಒಂದು ಬದಿ ಮುದ್ರಿಸಿದ ಹಾಳೆಯನ್ನು ಲೇಸರ್ ಯಂತ್ರಕ್ಕೆ ಹಾಕಬಾರದು.

ಕರೆಂಟ್ ಹೋಗುವ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಲೇಸರ್ ಪ್ರಿಂಟರ್ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಮುದ್ರಣದ ನಡುವೆ ಕರೆಂಟ್ ಹೋದರೆ ಒಳಗುಳಿದ ಹಾಳೆಯನ್ನು ತೆಗೆದು, ಕಡತವನ್ನು ಮೊದಲಿನಿಂದ ಕಳುಹಿಸದೆ, ನಿಂತ ಪುಟದಿಂದಲೇ ಆರಂಭಿಸಿ.

ರಿಪೇರಿಯಾದ ಮೇಲೆ ಪುಟಸಂಖ್ಯೆಯಿರುವ ಹತ್ತು ಹಾಳೆಗಳ ಕಡತವನ್ನು ಎರಡು ಬದಿಗೆ ಮುದ್ರಿಸಿ ನೋಡಿ, ಹಾಳೆ ಎಲ್ಲೂ ನಿಲ್ಲದೆ ಬಂದರೆ ಮಾತ್ರ ಎಲ್ಲ ಕಂಪ್ಯೂಟರುಗಳಲ್ಲೂ ತೆಗೆದಿದ್ದ ಆಯ್ಕೆಯನ್ನು ಮರಳಿ ಹಾಕಿರಿ.