‘ಬೇಡ’ ಎಂದ ಮರುದಿನದ ಲೆಕ್ಕ

ಸೋಮವಾರ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹಾಜರಾಗಿ ಗುರುವಾರ ಸಂಜೆ ಆರಕ್ಕೆ ಮರಳುವ ಸುತ್ತು ಅದು. ಮನೆ ಬಿಟ್ಟಿದ್ದದ್ದು 84 ಗಂಟೆ. ವಿಮಾನ ಹಾರಿಸಿದ್ದು 17 ಗಂಟೆ. ಉಳಿದ ಹೊತ್ತೆಲ್ಲ ಹೋಟೆಲಿನ ಕೋಣೆಯಲ್ಲಿ, ನಿಲ್ದಾಣದ ಕುರ್ಚಿಯಲ್ಲಿ, ತಡವಾದ ವಿಮಾನವನ್ನು ಕಾಯುತ್ತಾ ಕಳೆದದ್ದು. ನಮ್ಮ ಹಳೆಯ ಒಪ್ಪಂದದಲ್ಲಿ ಮನೆ ಬಿಟ್ಟಿದ್ದ ಪ್ರತಿ ಮೂರೂವರೆ ಗಂಟೆಗೆ ಕನಿಷ್ಠ ಒಂದು ಗಂಟೆಯ ಸಂಬಳ ಖಾತರಿಯಾಗಿತ್ತು. 84 ಗಂಟೆಗೆ 24 ಗಂಟೆಯ ಸಂಬಳ. ಕಂಪನಿ ಮುಂದಿಟ್ಟ ಹೊಸ ಕರಡಿನಲ್ಲಿ ಆ ಸಾಲು ಇರಲಿಲ್ಲ. ಹಾರಿಸಿದ 17 ಗಂಟೆಗಷ್ಟೇ ಹಣ. ಏಳು ಗಂಟೆಯ ದುಡಿಮೆ ಒಂದೇ ಸುತ್ತಿನಲ್ಲಿ ಕಾಣೆಯಾಗಿತ್ತು. ಸಂಬಳದ ದರ ಎಷ್ಟು ಕಡಿಮೆಯಾಗುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದ ಪುಟದಲ್ಲಿ ಈ ಏಳು ಗಂಟೆಯ ಸುಳಿವೂ ಇರಲಿಲ್ಲ.

ಇದು 2006ರ ಮಾತು. ನಾನು ಆಗ ಅಮೆರಿಕದ ಒಂದು ವಿಮಾನಯಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಮೊದಲ ಪಾಠ ಕಲಿತು, ಈ ದೇಶಕ್ಕೆ ಬಂದು, ಹತ್ತು ವರ್ಷ ಸಣ್ಣ ವಿಮಾನಗಳಲ್ಲಿ ಅಲೆದ ಮೇಲೆ ಸಿಕ್ಕ ಕೆಲಸ. ಕಂಪನಿಯ ಹೆಸರು ಇಲ್ಲಿ ಬೇಡ. ಆ ವರ್ಷಗಳಲ್ಲಿ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತದ ಕಂಪನಿಯನ್ನು ಹುಡುಕುವುದೇ ಕಷ್ಟವಾಗಿತ್ತು. ನಮ್ಮದೂ ಹತ್ತಿತ್ತು, ಹಾರಾಟ ನಿಲ್ಲಿಸದೆಯೇ. ಯುಎಸ್ ಏರ್‌ವೇಸ್ ಎರಡು ಸಲ ಹತ್ತಿತ್ತು, 2002ರಲ್ಲಿ ಮತ್ತು 2004ರಲ್ಲಿ. ಯುನೈಟೆಡ್ 2002ರ ಡಿಸೆಂಬರ್‌ನಲ್ಲಿ. ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಎರಡೂ 2005ರ ಸೆಪ್ಟೆಂಬರ್ 14ರಂದು, ಒಂದೇ ದಿನ.

ನಮ್ಮ ಸಂಘದಲ್ಲಿ ನಾನು ಪದಾಧಿಕಾರಿ ಆಗಿರಲಿಲ್ಲ. ಕರಡು ಒಪ್ಪಂದ ಸದಸ್ಯರ ಮತಕ್ಕೆ ಬಂದಾಗ, ಫೋನ್ ಎತ್ತಿ ಪೈಲಟ್‌ಗಳ ಪ್ರಶ್ನೆಗಳಿಗೆ ಉತ್ತರ ಕೊಡಲು ಸ್ವಯಂಸೇವಕರು ಬೇಕು ಎಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಓದದೆ ಗತ್ಯಂತರವಿರಲಿಲ್ಲ.

ಮೊದಲ ವಾರ ನಾನು ಓದಿದ ರೀತಿಯೇ ತಪ್ಪಾಗಿತ್ತು. ಕರಡನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ, ಟಿಪ್ಪಣಿ ಮಾಡಿಕೊಂಡೆ. ಫೋನಿನಲ್ಲಿ ಮೊದಲು ಮಾತಾಡಿದವರು, “ನನಗೆ ತಿಂಗಳಿಗೆ ಎಷ್ಟು ಕಡಿಮೆ ಬರುತ್ತದೆ?” ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನನ್ನದೇ ಲಾಗ್‌ಬುಕ್ ತೆಗೆದೆ. ಹಿಂದಿನ ಹನ್ನೆರಡು ತಿಂಗಳ ಪ್ರತಿಯೊಂದು ಸುತ್ತನ್ನೂ ಹಾಳೆಯ ಎಡಗಡೆ ಬರೆದೆ. ನಡುವಿನ ಕಾಲಮ್ಮಿನಲ್ಲಿ ಹಳೆಯ ನಿಯಮದಂತೆ ಬಂದ ಸಂಬಳ, ಬಲಗಡೆ ಹೊಸ ನಿಯಮದಂತೆ ಬರಬಹುದಾಗಿದ್ದ ಸಂಬಳ. ರಜೆಯ ದಿನಕ್ಕೆ ಕೊಡುವ ಗಂಟೆ, ಪ್ರಯಾಣಿಕನಾಗಿ ಕುಳಿತು ಇನ್ನೊಂದು ಊರಿಗೆ ಕೆಲಸಕ್ಕೆ ಹೋಗುವಾಗಿನ ಗಂಟೆ, ಮೀಸಲು ಸರದಿಯಲ್ಲಿ ಫೋನ್ ಪಕ್ಕದಲ್ಲಿ ಕಾಯುವ ದಿನದ ಗಂಟೆ, ಎಲ್ಲವೂ ಬೇರೆ ಬೇರೆ. ಮೂರು ರಾತ್ರಿ ಹಿಡಿಯಿತು. ದಪ್ಪಕ್ಷರದ ಪುಟ ಹೇಳಿದ್ದು ನೂರಕ್ಕೆ ಹದಿನೈದು ಕಡಿತ. ನನ್ನ ಹಾಳೆಯಲ್ಲಿ ಬಂದದ್ದು ಇಪ್ಪತ್ತೆರಡು.

ಆ ಮೇಲೆ ಕರೆ ಮಾಡಿದ ಎಲ್ಲರಿಗೂ ಮೊದಲು ಹೇಳಿದ್ದು ಒಂದೇ: ನಿಮ್ಮ ಲಾಗ್‌ಬುಕ್ ತೆಗೆದುಕೊಂಡು ಕುಳಿತುಕೊಳ್ಳಿ. ದೂರದ ಊರಿಗೆ ಹಾರುವವರಿಗೆ ಪೆಟ್ಟು ಕಡಿಮೆ ಇತ್ತು. ದಿನಕ್ಕೆ ನಾಲ್ಕೈದು ಸಲ ಏರಿಳಿಯುವ ಕಿರಿಯರಿಗೆ ಹೆಚ್ಚು. ಒಂದೇ ಕಾಗದ, ಇಬ್ಬರಿಗೆ ಎರಡು ಬೇರೆ ಒಪ್ಪಂದ. ನಮ್ಮ ಜಗಳದ ಅರ್ಧ ಪಾಲು ಅಲ್ಲೇ ಇತ್ತು ಎಂದು ನನಗೆ ಅರ್ಥವಾದದ್ದು ಆಗ.

ಉಳಿದರ್ಧ ಪಿಂಚಣಿಯದು. ಕರಡು ಅದನ್ನೂ ಬಿಟ್ಟುಕೊಡುತ್ತಿತ್ತು. ನಮ್ಮ ನೆಲೆಯ ಹತ್ತಿರದ ಹೋಟೆಲೊಂದರ ಸಭಾಂಗಣದಲ್ಲಿ ಸಂಘ ಸಭೆ ಕರೆದಿತ್ತು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೇ ಹೆಚ್ಚು. ನನ್ನ ಪಕ್ಕದಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್ ಕುಳಿತಿದ್ದರು. ನಾನು ಅವರ ಬಲಗಡೆಯ ಆಸನದಲ್ಲಿ ಎಷ್ಟೋ ರಾತ್ರಿ ಹಾರಿದವನು. ಆಗ ಅವರಿಗೆ 59 ವರ್ಷ. ಮಡಿಲಲ್ಲಿ ಹಳದಿ ಲಕೋಟೆ, ಅದರೊಳಗೆ ಪಿಂಚಣಿಯ ವಾರ್ಷಿಕ ಪತ್ರಗಳು. ಅವನ್ನು ತೆಗೆಯಲಿಲ್ಲ, ಎರಡು ಗಂಟೆಯೂ ಲಕೋಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು.

ಅವರ ಸಂಕಟಕ್ಕೆ ಕಾರಣ ಹೀಗೆ. ಕಂಪನಿ ಪಿಂಚಣಿ ಯೋಜನೆಯನ್ನು ಕೈಬಿಟ್ಟರೆ ಸರ್ಕಾರದ ಖಾತರಿ ನಿಗಮವೊಂದು ಅದನ್ನು ವಹಿಸಿಕೊಳ್ಳುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. 2005ರಲ್ಲಿ ಕೊನೆಗೊಂಡ ಯೋಜನೆಗಳಿಗೆ, 65ನೇ ವಯಸ್ಸಿನಲ್ಲಿ ನಿವೃತ್ತರಾದವರಿಗೆ ಆ ಮಿತಿ ವರ್ಷಕ್ಕೆ ಸುಮಾರು 45,600 ಡಾಲರ್. 60ಕ್ಕೇ ನಿವೃತ್ತರಾದವರಿಗೆ ಅದು 30,000ಕ್ಕೂ ಕಡಿಮೆ. ಪೈಲಟ್ 60ಕ್ಕೆ ನಿವೃತ್ತನಾಗುವುದು ಅವನ ಇಷ್ಟದಿಂದಲ್ಲ. ಸರ್ಕಾರದ ನಿಯಮವೇ ಆಗ ಹಾಗಿತ್ತು. ಒಂದು ಕೈ 60ಕ್ಕೆ ಮನೆಗೆ ಕಳಿಸುತ್ತದೆ, ಇನ್ನೊಂದು ಕೈ ‘ನೀವು ಬೇಗ ನಿವೃತ್ತರಾದಿರಿ’ ಎಂದು ಕಡಿತ ಮಾಡುತ್ತದೆ. ಯುನೈಟೆಡ್ 2005ರಲ್ಲಿ ತನ್ನ ಪಿಂಚಣಿ ಯೋಜನೆಗಳನ್ನು ಕೈಬಿಟ್ಟಾಗ ಅಲ್ಲಿನ ಹಿರಿಯರಿಗೆ ಆದದ್ದು ಇದೇ. ಇದರಷ್ಟು ದೊಡ್ಡ ಅನ್ಯಾಯವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸಭೆಯಲ್ಲಿ ಎದ್ದು ನಿಂತವರಲ್ಲಿ ಹೆಚ್ಚಿನವರು ‘ಬೇಡ’ ಎನ್ನುವವರೇ. ಅವರ ಮಾತಿನಲ್ಲಿ ಬಿಸಿ ಇತ್ತು, ಬಹುಪಾಲು ಸತ್ಯವೂ ಇತ್ತು. ಆಡಳಿತ ಮಾಡಿದ ತಪ್ಪಿಗೆ ನಾವೇಕೆ ದಂಡ ತೆರಬೇಕು? ಹಿಂದೆ ಒಮ್ಮೆ ಬಿಟ್ಟುಕೊಟ್ಟೆವು, ಏನು ಸಿಕ್ಕಿತು? ಮುಷ್ಕರ ಹೂಡೋಣ, ಒಂದು ದಿನ ವಿಮಾನ ನಿಂತರೆ ದಾರಿಗೆ ಬರುತ್ತಾರೆ. ಚಪ್ಪಾಳೆಯಲ್ಲಿ ಸಭಾಂಗಣ ತುಂಬಿಹೋಗುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಆದರೆ ನನ್ನ ತಲೆಯಲ್ಲಿ ಬೇರೊಂದು ಪ್ರಶ್ನೆ ಕುಳಿತುಬಿಟ್ಟಿತ್ತು. ಅದನ್ನು ಕೂರಿಸಿದವರು ನಮ್ಮ ತಂದೆ. ಅವರು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿಗೆ ಬೀಗ ಬಿದ್ದಾಗ ಬಾಕಿಗಾಗಿ ವರ್ಷಗಟ್ಟಲೆ ಅಲೆದವರು. ಆ ವಾರ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿಸಿಕೊಂಡು, “ನೀವು ಬೇಡ ಅಂದರೆ ಮಾರನೆಯ ದಿನ ಯಾವ ಕಾಗದ ಜಾರಿಯಲ್ಲಿರುತ್ತದಪ್ಪ? ಹಳೆಯದೋ, ಅವರದೋ?” ಎಂದರು. ಸಭಾಂಗಣದಲ್ಲಿ ಅಷ್ಟು ಜನ ಇದ್ದರೂ ಒಬ್ಬರೂ ಇದನ್ನು ಕೇಳಿರಲಿಲ್ಲ.

ಉತ್ತರ ಹುಡುಕಲು ದಿವಾಳಿ ಕಾನೂನಿನ 1113ನೇ ಸೆಕ್ಷನ್ ಓದಬೇಕಾಯಿತು. ಅದು ಹುಟ್ಟಿದ ಕಥೆಯನ್ನು ಪ್ರತಿ ಪೈಲಟ್ ತಿಳಿದಿರಬೇಕು. 1983ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ ಲೊರೆಂಜೊ ನೇತೃತ್ವದ ಕಾಂಟಿನೆಂಟಲ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿ, ಕಾರ್ಮಿಕ ಒಪ್ಪಂದಗಳನ್ನು ತಾನೇ ಹರಿದು ಹಾಕಿ, ಅರ್ಧದಷ್ಟು ಸಂಬಳಕ್ಕೆ ಜನರನ್ನು ಕರೆಯಿತು. ಪೈಲಟ್‌ಗಳು ಅಕ್ಟೋಬರ್‌ನಲ್ಲಿ ಹೂಡಿದ ಮುಷ್ಕರ 1985ರವರೆಗೆ ಎಳೆದು ಸೋತಿತು. ನಡುವೆ 1984ರ ಫೆಬ್ರುವರಿಯಲ್ಲಿ, ಬೇರೊಂದು ಕಂಪನಿಯ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಇಂಥ ನಡೆಯನ್ನು ಎತ್ತಿಹಿಡಿಯಿತು. ಸಂಘಗಳು ಬೊಬ್ಬೆ ಹಾಕಿದವು. ಅದೇ ಬೇಸಿಗೆಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಸೆಕ್ಷನ್ ತಂದಿತು. ಅಂದಿನಿಂದ ಕಂಪನಿ ತಾನೇ ಒಪ್ಪಂದ ಮುರಿಯುವಂತಿಲ್ಲ. ಮೊದಲು ಪ್ರಸ್ತಾವ ಕೊಡಬೇಕು, ಲೆಕ್ಕಪತ್ರ ತೋರಿಸಬೇಕು, ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು, ಕೇಳುವ ಕಡಿತ ಕಂಪನಿ ಉಳಿಯಲು ಅಗತ್ಯವೆಂದೂ ಎಲ್ಲರ ಮೇಲೂ ಭಾರ ನ್ಯಾಯವಾಗಿ ಹಂಚಿದೆಯೆಂದೂ ತೋರಿಸಬೇಕು. ಸಂಘ ಸಕಾರಣವಿಲ್ಲದೆ ತಿರಸ್ಕರಿಸಿದರೆ ಮಾತ್ರ ನ್ಯಾಯಾಧೀಶರು ಒಪ್ಪಂದ ಮುರಿಯಲು ಅನುಮತಿ ಕೊಡಬಹುದು.

ಇಷ್ಟು ಓದಿ ನೆಮ್ಮದಿಪಟ್ಟವರು ನಮ್ಮಲ್ಲಿ ಅನೇಕರಿದ್ದರು. ಮುಂದಿನ ಸಾಲಿಗೆ ಅವರು ಹೋಗಿರಲಿಲ್ಲ. ನ್ಯಾಯಾಧೀಶರು ನಡುವಿನ ದಾರಿಯ ಒಪ್ಪಂದವನ್ನು ಬರೆದುಕೊಡುವುದಿಲ್ಲ. ಅನುಮತಿ ಕೊಡುತ್ತಾರೆ, ಇಲ್ಲವೇ ನಿರಾಕರಿಸುತ್ತಾರೆ. ಕೊಟ್ಟರೆ ಕಂಪನಿ ನ್ಯಾಯಾಲಯದ ಮುಂದೆ ಇಟ್ಟ ಷರತ್ತುಗಳು ಜಾರಿಗೆ ಬರುತ್ತವೆ. ಅವು ನಮ್ಮ ಮತಕ್ಕೆ ಬಂದ ಕರಡಿಗಿಂತ ಎಷ್ಟೋ ಕಠಿಣ. ತಂದೆಯವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ‘ಬೇಡ’ ಗೆದ್ದು ನ್ಯಾಯಾಲಯದಲ್ಲಿ ನಾವು ಸೋತರೆ, ಜಾರಿಗೆ ಬರುವುದು ಅವರ ಕಾಗದ.

ಮುಷ್ಕರದ ಮಾತೂ ಅಷ್ಟು ಗಟ್ಟಿಯಿರಲಿಲ್ಲ. ನಾವು ಬರುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆಯ ಕೆಳಗೆ. 1936ರಲ್ಲಿ ಅದನ್ನು ವಿಮಾನಯಾನಕ್ಕೂ ಹಬ್ಬಿಸಿದರು. ದಿವಾಳಿಯಲ್ಲಿ ಒಪ್ಪಂದ ಮುರಿದ ಮೇಲೆ ಈ ಕಾಯ್ದೆ ಮುಷ್ಕರಕ್ಕೆ ಅವಕಾಶ ಕೊಡುತ್ತದೆಯೇ ಎಂಬುದು ಆಗ ತೀರ್ಮಾನವಾಗಿರಲಿಲ್ಲ. ಮರುವರ್ಷ, 2007ರಲ್ಲಿ, ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ನಾರ್ತ್‌ವೆಸ್ಟ್‌ನ ಗಗನಸಖಿಯರಿಗೆ ಅವಕಾಶವಿಲ್ಲ ಎಂದೇ ತೀರ್ಪಿತ್ತಿತು. ಸಂಘದ ಕೈಯಲ್ಲಿ ಇದೆ ಎಂದು ನಾವು ನಂಬಿದ್ದ ಆಯುಧ ಒರೆಯಿಂದ ಹೊರಗೆ ಬರುವಂತೆಯೇ ಇರಲಿಲ್ಲ.

ಹಾಗಾಗಿ ಕರಡಿನಲ್ಲಿ ನಾನು ಕೊನೆಗೆ ತೂಗಿ ನೋಡಿದ್ದು ಸಂಬಳವನ್ನಲ್ಲ, ‘ಸ್ಕೋಪ್’ ಎಂಬ ಮೊದಲ ಅಧ್ಯಾಯವನ್ನು. ಕಂಪನಿಯ ಹೆಸರಿನ ಟಿಕೆಟ್ ಮಾರಿ ಬೇರೆ ಸಣ್ಣ ಕಂಪನಿಯ ಪೈಲಟ್ ಕೈಯಲ್ಲಿ ಹಾರಿಸಲು ಎಷ್ಟು ಆಸನದ ಎಷ್ಟು ವಿಮಾನಗಳಿಗೆ ಅವಕಾಶ ಎಂಬುದನ್ನು ಅದು ಗೊತ್ತುಮಾಡುತ್ತದೆ. ಹಿರಿಯರು ಅದರತ್ತ ನೋಡುತ್ತಿರಲಿಲ್ಲ, ಅವರ ವಿಮಾನಗಳು ದೊಡ್ಡವು. ಆದರೆ ಸಂಬಳ ಒಳ್ಳೆಯ ಕಾಲದಲ್ಲಿ ಮತ್ತೆ ಏರುತ್ತದೆ. ಹೊರಗಿನವರಿಗೆ ಒಪ್ಪಿಸಿದ ಹಾರಾಟ ಹಿಂದಕ್ಕೆ ಬರುವುದು ತೀರಾ ಅಪರೂಪ. ಅದರ ಜೊತೆಗೆ ಜ್ಯೇಷ್ಠತಾ ಪಟ್ಟಿಯ ಕೊನೆಯಲ್ಲಿರುವವನ ಕುರ್ಚಿಯೂ ಹೋಗುತ್ತದೆ. ಮತಕ್ಕೆ ಬಂದ ಕರಡಿನಲ್ಲಿ ಈ ಮಿತಿ ಸಡಿಲವಾಗಿತ್ತು, ಆದರೆ ಉಳಿದಿತ್ತು. ನ್ಯಾಯಾಲಯದ ಮುಂದಿದ್ದ ಷರತ್ತಿನಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.

ನಾನು ‘ಸರಿ’ ಎಂದು ಮತ ಹಾಕಿದೆ. ಫೋನಿನಲ್ಲಿ ಅಂಕಿ ಒತ್ತುವ ಮತದಾನ. ಒತ್ತಿದ ಮೇಲೆ ಬಹಳ ಹೊತ್ತು ಅಡುಗೆಮನೆಯ ಮೇಜಿನ ಮುಂದೆಯೇ ಕುಳಿತಿದ್ದೆ. ಹಳದಿ ಲಕೋಟೆ ಕಣ್ಣ ಮುಂದಿನಿಂದ ಸರಿಯಲಿಲ್ಲ. ನನ್ನ ಕುರ್ಚಿಯನ್ನು ಉಳಿಸುತ್ತಿದ್ದ ಕಾಗದವೇ ಅವರ ಪಿಂಚಣಿಯನ್ನು ಬಿಟ್ಟುಕೊಡುತ್ತಿತ್ತು.

ಕರಡು ಅಂಗೀಕಾರವಾಯಿತು. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸಂಘಕ್ಕೆ ಸಿಕ್ಕಿದ್ದು ‘ಅಡಮಾನವಿಲ್ಲದ ಸಾಲ ಕೊಟ್ಟವರ’ ಸಾಲಿನಲ್ಲಿ ನಿಂತು ಹಣ ಕೇಳುವ ಒಂದು ಹಕ್ಕು. ಕಾಗದದ ಮೇಲೆ ಒಂದು ಡಾಲರ್ ಎಂದಿರುವುದು ಮಾರುಕಟ್ಟೆಯಲ್ಲಿ ಮಾರಿದಾಗ ಅದಕ್ಕಿಂತ ಬಹಳ ಕಡಿಮೆಗೆ ಹೋಗುತ್ತದೆ. ಆ ಹಣವನ್ನು ಪೂರ್ತಿ ಎಂದು ಲೆಕ್ಕ ಹಿಡಿದು ಮನೆ ಕಂತು ಯೋಜಿಸಿದವರು ಪೇಚಿಗೆ ಸಿಲುಕಿದರು. ಫೋನಿನಲ್ಲಿ ನಾನು ಸರಿಯಾಗಿ ಎಚ್ಚರಿಸದ ವಿಷಯ ಇದೊಂದು.

ಆ ಹಿರಿಯರು ‘ಬೇಡ’ ಎಂದಿದ್ದರು, ನನಗೆ ಮೊದಲೇ ಹೇಳಿಯೇ. ನಾನೂ ಅವರಿಂದ ಮುಚ್ಚಿಡಲಿಲ್ಲ. ಮರುವರ್ಷದ ವಸಂತದಲ್ಲಿ ಅವರಿಗೆ 60 ತುಂಬಿತು. ಕೊನೆಯ ಹಾರಾಟಕ್ಕೆ ಬಲಗಡೆ ನಾನೇ ಇರಬೇಕೆಂದು ಕೇಳಿ ಹಾಕಿಸಿಕೊಂಡಿದ್ದರು. ಅವರು ಮನೆಗೆ ಹೋದ ಕೆಲವೇ ತಿಂಗಳಿಗೆ, 2007ರ ಡಿಸೆಂಬರ್‌ನಲ್ಲಿ, ನಿವೃತ್ತಿ ವಯಸ್ಸು 65ಕ್ಕೇರಿತು.

ಐದು ವರ್ಷದ ಮೇಲೆ, 2012ರ ಆಗಸ್ಟ್‌ನಲ್ಲಿ ಒಂದು ಸಂಜೆ ಅವರ ಫೋನ್ ಬಂತು. ದಿವಾಳಿಯಲ್ಲಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಕಂಪನಿಯ ಕೊನೆಯ ಪ್ರಸ್ತಾವವನ್ನು ನೂರಕ್ಕೆ 61ರಷ್ಟು ಮತದಿಂದ ತಿರಸ್ಕರಿಸಿದ್ದರು. “ನೋಡಿದಿರಾ?” ಎಂದರು. ದನಿಯಲ್ಲಿ ಸಂಭ್ರಮವಿತ್ತು. ಒಂದು ವಾರದಲ್ಲಿ ನ್ಯಾಯಾಧೀಶ ಶಾನ್ ಲೇನ್, ಲೇ-ಆಫ್ ಮತ್ತು ಬೇರೆ ಕಂಪನಿಗಳ ಜೊತೆಗಿನ ಹಾರಾಟ ಹಂಚಿಕೆಯ ಷರತ್ತುಗಳು ಅತಿಯಾದವು ಎಂದು, ಒಪ್ಪಂದ ಮುರಿಯಲು ಅನುಮತಿ ಬೇಡಿದ ಕಂಪನಿಯ ಕೋರಿಕೆಯನ್ನು ತಳ್ಳಿಹಾಕಿದಾಗ ಮತ್ತೆ ಫೋನ್. ಸೆಪ್ಟೆಂಬರ್ ಮೊದಲ ವಾರದಲ್ಲಿ, ಕಂಪನಿ ಆ ಎರಡನ್ನು ತಿದ್ದಿಕೊಂಡು ಬಂದ ಕೂಡಲೇ, ಅನುಮತಿ ಸಿಕ್ಕಿತು. ಆಗ ಫೋನ್ ಬರಲಿಲ್ಲ. ಡಿಸೆಂಬರ್‌ನಲ್ಲಿ ತಿದ್ದಿದ ಇನ್ನೊಂದು ಒಪ್ಪಂದವನ್ನು 74ರಷ್ಟು ಮತದಿಂದ ಪೈಲಟ್‌ಗಳು ಒಪ್ಪಿದ ದಿನ ನಾನೇ ಕರೆ ಮಾಡಿದೆ.

ಅವರ ವಾದ: ‘ಬೇಡ’ ಎಂದಿದ್ದಕ್ಕೇ ತಿದ್ದಿದ ಒಪ್ಪಂದ ಬಂತು. ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಅಲ್ಲಿ ಬಾಗಿಲ ಹೊರಗೆ ಯುಎಸ್ ಏರ್‌ವೇಸ್ ನಿಂತಿತ್ತು. ವಿಲೀನಕ್ಕಾಗಿ ಅದು ಅಮೆರಿಕನ್‌ನ ಸಂಘಗಳ ಜೊತೆ ಏಪ್ರಿಲ್‌ನಲ್ಲೇ ಮಾತು ಮುಗಿಸಿಕೊಂಡಿತ್ತು. ‘ಬೇಡ’ ಎಂದವರಿಗೆ ಹೋಗಲು ಇನ್ನೊಂದು ಮನೆ ಇತ್ತು. ನಮಗೆ 2006ರಲ್ಲಿ ಯಾರಿದ್ದರು? “ಹುಡುಕಿದ್ದರೆ ಸಿಗುತ್ತಿದ್ದರೇನೋ. ನಾವು ಹುಡುಕಲೇ ಇಲ್ಲ” ಎಂದರು.

ಇದು ನನ್ನನ್ನು ಇಂದಿಗೂ ಕಾಡುತ್ತದೆ. ಮೂರು ರಾತ್ರಿ ಲಾಗ್‌ಬುಕ್ ಲೆಕ್ಕ ಹಾಕಿದೆ, ಕಾನೂನು ಓದಿದೆ, ಆದರೆ ನಮ್ಮ ಕಂಪನಿಯನ್ನು ಕೊಳ್ಳಬಹುದಾದವರ ಜೊತೆ ಸಂಘ ಮಾತಾಡಿದೆಯೇ ಎಂದು ಸಭೆಯಲ್ಲಿ ಕೈ ಎತ್ತಿ ಕೇಳಲಿಲ್ಲ.

ಭಾರತದಲ್ಲಿ ಹಾರುವ ಕಿರಿಯರು ಈಗ ನನಗೆ ಕರೆ ಮಾಡುವುದುಂಟು. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಸಂಬಳದ ಬಾಕಿ ಉಳಿಸಿಯೇ ಹಾರಾಟ ನಿಲ್ಲಿಸಿದ್ದನ್ನು ಕಂಡವರು ಅವರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೆಟ್‌ನ ಆಸ್ತಿ ಮಾರಿ ಲೆಕ್ಕ ಮುಗಿಸಲು ಆದೇಶಿಸಿತು. 2016ರ ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನದ ಮೇಲೆ ಸಾಲ ಕೊಟ್ಟವರ ಸಾಲಿನಲ್ಲೇ ಜಾಗವಿದೆ. ಕಾನೂನಿನ ಅರ್ಥದಲ್ಲಿ ‘ಕಾರ್ಮಿಕ’ ಅಲ್ಲದ ನೌಕರರಿಗೆ ಅದರ ಕೆಳಗೆ, ಅದೂ 12 ತಿಂಗಳಿಗೆ ಮಾತ್ರ. ಒಪ್ಪಂದದ ಕರಡು ಕಳಿಸಿ ಅಭಿಪ್ರಾಯ ಕೇಳುವವರಿಗೆ ನಾನು ಮೊದಲು ಒಂದು ವರ್ಷದ ಲಾಗ್‌ಬುಕ್ ಕಳಿಸಿ ಎನ್ನುತ್ತೇನೆ. ಆಮೇಲೆ, ಆ ಹಿರಿಯರಿಂದ ಕಲಿತದ್ದನ್ನು ಕೇಳುತ್ತೇನೆ: ನಿಮ್ಮ ಕಂಪನಿಯನ್ನು ಕೊಳ್ಳಲು ಯಾರಾದರೂ ಬಂದಿದ್ದಾರೆಯೇ, ಅವರ ಜೊತೆ ನಿಮ್ಮ ಸಂಘದಿಂದ ಯಾರು ಮಾತಾಡಿದ್ದಾರೆ?